ಮೂರನೇ ಮನೆಯ ಛಾವಣಿ

ಸೆಪ್ಟೆಂಬರ್ 9, ಮಂಗಳವಾರ. ಬೆಳಿಗ್ಗೆ

ಮೂರನೇ ಮನೆಯ ಛಾವಣಿ ಇಲ್ಲ. ವರದಿ ಮಾಡಿದವರು ಮೇಸ್ತ್ರಿ, ಫೋನಿನಲ್ಲಿ, ನಾನು ಹಲ್ಲುಜ್ಜುತ್ತಿದ್ದಾಗ.

"ಕಳ್ಳತನವಾ?" ಎಂದೆ, ಬಾಯಿ ತುಂಬ ನೊರೆ ಇಟ್ಟುಕೊಂಡು.

"ಕಳ್ಳ ಆಗಿದ್ರೆ ಹಿಡೀಬಹುದಿತ್ತು ಮೇಡಂ. ಅಜ್ಜಿನೇ ಬಿಚ್ಚಿಸಿದಾಳೆ."

ಹೋಗಿ ನೋಡಿದೆ. ನಿಜ. ಶನಿವಾರವಷ್ಟೇ ಕೂರಿಸಿದ ತಗಡುಗಳು ಅಂಗಳದಲ್ಲಿ ಒಂದರ ಮೇಲೊಂದು ಮಲಗಿವೆ, ಮೇಲೆ ಮರಳಿನ ಚೀಲ. ಬೋಲ್ಟುಗಳೆಲ್ಲ ಹಾಲಿನ ಪುಡಿಯ ಹಳೆಯ ಡಬ್ಬಿಯಲ್ಲಿ. ಬಿಚ್ಚಿದ ಕೆಲಸ ಬಲು ನೀಟು. ನಮ್ಮವರು ಕೂರಿಸಿದ್ದಕ್ಕಿಂತ ನೀಟು. ಅದೊಂದು ಬೇರೆ ಉರಿ.

ಅಜ್ಜಿ ಒಳಗಿದ್ದಳು. ನಾಲ್ಕು ಗೋಡೆಗಳ ನಡುವೆ, ಕೊಡೆ ಬಿಚ್ಚಿಕೊಂಡು.

"ಯಾಕಜ್ಜಿ ಬಿಚ್ಚಿಸಿದ್ರಿ?"

"ನಿನ್ನೆ ರೇಡಿಯೋದಲ್ಲಿ ಗಾಳಿ ಅಂದ್ರಲ್ಲ."

"ಬಂತಾ ಗಾಳಿ?"

"ಬರಲಿಲ್ಲ. ಬಂದಿದ್ರೆ?"

ಮೇಸ್ತ್ರಿಯನ್ನು ಕರೆದು ಏಣಿ ತರಿಸಿದೆ. ನನಗಿನ್ನೂ ಕಾಫಿಯೂ ಆಗಿರಲಿಲ್ಲ.

ಎಲ್ಲರೂ ಅವಳನ್ನು ಬೀಗದ ಅಜ್ಜಿ ಅಂತಲೇ ಕರೆಯುವುದು. ಹೋದ ವರ್ಷದ ಚಂಡಮಾರುತಕ್ಕೆ ಹಳೆಯ ಮನೆ ಬುಡಸಮೇತ ಹೋಯಿತು. ಸೊಂಟದಲ್ಲಿದ್ದ ಅದರ ಕೀ ಉಳಿಯಿತು. ಈಗಲೂ ಅಲ್ಲೇ ಇದೆ.

ಸಂಜೆ: ಛಾವಣಿ ವಾಪಸ್ ಕೂರಿಸಿದ್ದಾಯಿತು. ಇಡೀ ದಿನ ಅದಕ್ಕೇ ಹೋಯಿತು. ರಬ್ಬರ್ ವಾಷರುಗಳು ಒಂದು ಸಲ ಬಿಗಿದು ಬಿಚ್ಚಿದರೆ ಮುಗಿಯಿತು, ಎಸೆಯಬೇಕು. ಬಿಚ್ಚಿದ್ದು ಯಾರೆಂದು ಕೇಳಿದರೆ ಸಾಲಿಗೆ ಸಾಲೇ ಆಕಾಶ ನೋಡುತ್ತದೆ. ಏಳನೇ ಮನೆಯ ಗಾಡಿಯವನ ಜೇಬಿನಲ್ಲಿ ಸ್ಪ್ಯಾನರಿನ ಬಾಲ ಕಾಣುತ್ತಿತ್ತು.

ಸೆಪ್ಟೆಂಬರ್ 10, ಬುಧವಾರ

ಇದು ಅಜ್ಜಿಯೊಬ್ಬಳ ಹುಚ್ಚಲ್ಲವಂತೆ. ಮೇಸ್ತ್ರಿ ಇಂದು ಬಾಯಿ ಬಿಟ್ಟರು. ಈ ದಡದಲ್ಲಿ ಇದು ತಲೆತಲಾಂತರದ ಪದ್ಧತಿ. ಬಂದರಿನಲ್ಲಿ ಕೆಂಪು ಬಾವುಟ ಏರಿದ ಕೂಡಲೇ ಮನೆಮನೆಯ ತಗಡು ಕೆಳಗಿಳಿಯಬೇಕು. ಗಾಳಿ ಹೋದ ಮೇಲೆ ಮತ್ತೆ ಏರಿಸುವುದು. ಮೊದಲು ಗೋಡೆ ಬಿದಿರಿನದು, ಬಿದ್ದರೆ ಬೀಳಲಿ, ತಗಡು ಉಳಿದರೆ ಸಾಕು ಎಂಬ ಲೆಕ್ಕ.

"ಹತ್ತು ತಿಂಗಳಿಂದ ಇಲ್ಲಿದ್ದೀನಿ. ಒಂದು ದಿನ ಹೇಳ್ಬಾರದಿತ್ತಾ ಮೇಸ್ತ್ರಿ?"

"ನೀವು ಕೇಳಲಿಲ್ಲ ಮೇಡಂ. ಹೊಸ ಮನೆ, ಬಿಟ್ಟುಬಿಡ್ತಾರೆ ಅಂದ್ಕೊಂಡಿದ್ದೆ."

ಚಂಡಮಾರುತಕ್ಕೆ ಮನೆ ಹೋದವರಿಗೆಂದು ನಮ್ಮ ಸಂಸ್ಥೆಯಿಂದ ಹನ್ನೆರಡು ಮನೆ ಕಟ್ಟಿದ್ದೇವೆ, ಇಂಜಿನಿಯರ್ ನಾನು. ತಗಡು, ತೊಲೆ, ಗೋಡೆ ಮೂರನ್ನೂ ಕಬ್ಬಿಣದ ಪಟ್ಟಿ ಹಾಕಿ ಒಂದಕ್ಕೊಂದು ಬಿಗಿದಿದ್ದೇವೆ. ಛಾವಣಿ ಹಾರಬಾರದು ಎಂದೇ ಇಷ್ಟೆಲ್ಲ. ಇವರು ಛಾವಣಿ ಹಾರಬಾರದು ಎಂದು ಅದನ್ನೇ ಬಿಚ್ಚಿ ಇಡುತ್ತಾರೆ! ಮೇಲಿನ ಹಿಡಿತ ತಪ್ಪಿದರೆ ಇಟ್ಟಿಗೆಯ ಗೋಡೆ ಒಂಟಿಯಾಗಿ ನಿಲ್ಲುತ್ತದೆ. ದೊಡ್ಡ ಗಾಳಿಗೆ ಅದು ಬೀಳುತ್ತದೆ. ಬಿದಿರಲ್ಲ ಇದು, ಮತ್ತೆ ನೆಟ್ಟರಾಯಿತು ಅನ್ನಲು.

ಭಾನುವಾರ ಮೀಟಿಂಗ್ ಕರೆದಿದ್ದೇನೆ.

ಸೆಪ್ಟೆಂಬರ್ 14, ಭಾನುವಾರ

ಮೀಟಿಂಗ್ ಆಯಿತು. ಆಯಿತು ಅಷ್ಟೇ.

ನಮ್ಮ ಯಜಮಾನರು ಊರಿನಿಂದ ಮಳೆಗಾಲದ ಬೂಟು ಕಳಿಸಿದ್ದರು, ಅದರ ರಟ್ಟಿನ ಡಬ್ಬ ತೆಗೆದುಕೊಂಡು ಹೋಗಿದ್ದೆ. ಮುಚ್ಚಳ ಹಾಕಿ ಪಕ್ಕದಿಂದ ಒತ್ತಿ ತೋರಿಸಿದೆ, ಜಗ್ಗಲಿಲ್ಲ. ಮುಚ್ಚಳ ತೆಗೆದು ಒತ್ತಿದೆ, ಪಕ್ಕ ಒಳಗೆ ಬಾಗಿತು. ಎಲ್ಲರೂ ಹೂಂ ಹೂಂ ಅಂದರು. ಗಾಡಿಯವನು ಎದ್ದು ಬಂದು ತಾನೂ ಒತ್ತಿ ನೋಡಿ "ಹೌದಲ್ಲ!" ಎಂದ. ನನಗೆ ಒಳಗೊಳಗೇ ಖುಷಿ.

ಆಮೇಲೆ ಅಜ್ಜಿ: "ಸರಿ ಮಗಳೇ, ಮುಚ್ಚಳ ಇದ್ರೆ ಡಬ್ಬ ಗಟ್ಟಿ. ಒಪ್ಪಿದೆ. ಆ ಮುಚ್ಚಳ ಹಾರಿದ್ರೆ ಯಾರ ಮನೆಗೆ ಹೋಗುತ್ತೆ, ಅದು ಹೇಳು."

"ಹಾರೋದೇ ಇಲ್ಲ ಅಜ್ಜಿ. ಅದಕ್ಕೇ ಬೋಲ್ಟು."

"ಹಾರಿದ್ರೆ?"

"ಹಾರಲ್ಲ."

"ಹಾರಿದ್ರೆ ಅಂದೆ."

ಜನ ನಕ್ಕರು. ಒಬ್ಬ ಮಾತ್ರ ನಗಲಿಲ್ಲ — ನಾಲ್ಕನೇ ಮನೆಯ ಟೈಲರ್. ಹಿಂದೆ ಗೋಡೆಗೆ ಒರಗಿ, ಊರುಗೋಲು ಪಕ್ಕಕ್ಕಿಟ್ಟು ಕೂತಿದ್ದ. ಹೋದ ವರ್ಷ ಬಲಗಾಲು ಮೊಣಕಾಲಿನ ಕೆಳಗೆ ಹೋಯಿತು. ಈಗ ಒಂದೇ ಕಾಲಲ್ಲಿ ಮಿಷನ್ ತುಳಿಯುತ್ತಾನೆ.

ರಟ್ಟಿನ ಡಬ್ಬ ಅಜ್ಜಿ ಇಟ್ಟುಕೊಂಡಳು. ಗಟ್ಟಿ ಇದೆಯಂತೆ.

ಸೆಪ್ಟೆಂಬರ್ 19, ಶುಕ್ರವಾರ. ಸಂಜೆ

ಬರೆಯುವುದಕ್ಕೂ ಬೇಜಾರು.

ಇವತ್ತು ಡೈರೆಕ್ಟರ್ ಬಂದಿದ್ದರು, ದಾನಿಗಳನ್ನು ಕರೆದುಕೊಂಡು. ಒಂದು ತಿಂಗಳಿನಿಂದ ಗೊತ್ತಿದ್ದ ದಿನ. ಹನ್ನೆರಡು ಮನೆಗೂ ಸುಣ್ಣ, ಬಾಗಿಲಿಗೆ ಬಣ್ಣ, ರಸ್ತೆಗೆ ನೀರು. ಬೆಳಗಿನ ಜಾವ ಬಂದರಿನಲ್ಲಿ ಬಾವುಟ ಏರಿದೆ. ಕೆಂಪೂ ಅಲ್ಲ, ಹಳದಿ! ಹತ್ತು ಗಂಟೆಗೆ ಕಾರು ತಿರುವಿನಲ್ಲಿ ಕಾಣಿಸಿದಾಗ ಐದು ಮನೆಗಳಿಗೆ ಛಾವಣಿ ಇಲ್ಲ.

ಡೈರೆಕ್ಟರ್ ಇಳಿದರು. ನೋಡಿದರು. ನನ್ನನ್ನು ನೋಡಿದರು.

"ಕಂಪ್ಲೀಟ್ ಅಂತ ರಿಪೋರ್ಟ್ ಕಳಿಸಿದ್ರಲ್ಲ?"

"ಕಂಪ್ಲೀಟ್ ಆಗಿತ್ತು ಸರ್."

"ಆಗಿತ್ತು?"

ಅಷ್ಟರಲ್ಲಿ ಗಾಡಿಯವನು ಸ್ಪ್ಯಾನರ್ ಹಿಡಿದೇ ಬಂದು ದಾನಿಗಳಿಗೆ ನಮಸ್ಕಾರ ಮಾಡಿದ. "ತುಂಬ ಒಳ್ಳೇ ಬೋಲ್ಟ್ ಸ್ವಾಮಿ. ಎಷ್ಟು ಸಲ ಬಿಚ್ಚಿದ್ರೂ ಸವೆಯಲ್ಲ." ದಾನಿಗಳಲ್ಲಿ ಒಬ್ಬರು ಬರೆದುಕೊಂಡರು.

ಗಾಳಿ? ಮಧ್ಯಾಹ್ನ ಒಂದು ಟವೆಲ್ ಹಾರಿತು.

ಹೊರಡುವಾಗ ಡೈರೆಕ್ಟರ್ ಕಾರಿನ ಕಿಟಕಿಯಿಂದಲೇ ತೀರ್ಮಾನ ಹೇಳಿದರು. ಜನ ಆಗಲೇ ಬಂದು ಸೇರಿಕೊಂಡಿದ್ದರೂ ಅಧಿಕೃತ ಹಸ್ತಾಂತರ ಅಕ್ಟೋಬರ್ ಆರು, ಸೋಮವಾರ. ಅಷ್ಟರೊಳಗೆ ಇನ್ನೊಂದು ಸಲ ಯಾರ ಛಾವಣಿ ಕೆಳಗಿಳಿಯುತ್ತದೋ ಅವರಿಗೆ ಮನೆ ಇಲ್ಲ. ಶಿಬಿರದಲ್ಲಿ ಕಾಯುತ್ತಿರುವ ಮುಂದಿನ ಕುಟುಂಬಕ್ಕೆ ಕೊಡುವುದು. "ಜನರಿಗೆ ನೀವೇ ಹೇಳಿ," ಎಂದು ಗಾಜು ಏರಿಸಿಕೊಂಡರು.

ನಾನೇ ಹೇಳಿದೆ. ಹನ್ನೊಂದು ಮನೆಯವರು ಹೆದರಿದರು. ಅಜ್ಜಿ ಹೆದರಲಿಲ್ಲ.

"ಕೊಡಲಿ ಬಿಡು ಬೇರೆಯವರಿಗೆ. ನಂಗೆ ಟಾರ್ಪಾಲ್ ಇದೆ."

ಟಾರ್ಪಾಲಿನ ಕೆಳಗೆ ಒಂದು ವರ್ಷ ಕಳೆದವಳು ಆಡುವ ಮಾತೇ ಇದು!

ಇದರ ಮೇಲೆ ಊರಿನಿಂದ ಇವರ ಫೋನು. ಮಿಕ್ಸಿ ತಿರುಗುತ್ತಿಲ್ಲವಂತೆ. ನಾನೇನು ಇಲ್ಲಿಂದ ಊದಲಾ?

ಸೆಪ್ಟೆಂಬರ್ 24, ಬುಧವಾರ

ಐದು ದಿನ ವಾಷರ್, ವಾಷರ್, ವಾಷರ್. ಬೇರೆ ಏನೂ ಬರೆಯುವಂಥದ್ದು ಇರಲಿಲ್ಲ.

ಇವತ್ತು ಸಲ್ವಾರಿನ ಹೊಲಿಗೆ ಬಿಚ್ಚಿತ್ತು, ಟೈಲರ್ ಹತ್ತಿರ ಹೋದೆ. ಮೆಟ್ಟಿಲ ಮೇಲೇ ಅವನ ಮಿಷನ್. ಅಲ್ಲಿಂದ ಅಜ್ಜಿಯ ಬಾಗಿಲಿಗೆ ಹತ್ತು ಹೆಜ್ಜೆ ಕೂಡ ಇಲ್ಲ. ಹಳೆಯ ಕಾಲೋನಿಯಲ್ಲೂ ಅಕ್ಕಪಕ್ಕವೇ ಇದ್ದರಂತೆ, ಅದೇ ಕ್ರಮದಲ್ಲಿ ಮನೆ ಹಂಚಿದ್ದೇವೆ. ಆದರೆ ಇವನು ಮೆಟ್ಟಿಲ ಮೇಲೆ ಕೂತರೆ ಅವಳು ಒಳಗೆ ಹೋಗುತ್ತಾಳೆ. ನಾನು ಗಮನಿಸಿರಲಿಲ್ಲ.

"ಜಗಳವಾ?" ಎಂದೆ.

"ಜಗಳ ಆಡಿದ್ರೆ ಮಾತಾದ್ರೂ ಇರ್ತಿತ್ತು ಮೇಡಂ." ಸೂಜಿಗೆ ದಾರ ಪೋಣಿಸುತ್ತಲೇ ಹೇಳಿದ. "ನನ್ನ ಕಾಲು ಕತ್ತರಿಸಿದ್ದು ಅವಳ ಮನೆ ತಗಡು."

ಅಲ್ಲೇ ಮೆಟ್ಟಿಲ ಮೇಲೆ ಕೂತೆ.

"ಆವತ್ತು ಗಾಳಿ ಹೇಳಿದ್ದಕ್ಕಿಂತ ಮೊದಲೇ ಬಂತು. ಎಲ್ಲರದೂ ಇಳಿದಿತ್ತು, ಅವಳೊಬ್ಬಳದು ಉಳಿದಿತ್ತು. ಏಣಿ ತಗೊಂಡು ಅವಳ ಮನೆಗೇ ಹೊರಟಿದ್ದೆ. ತಗಡು ಎದುರಿಗೇ ಹಾರಿ ಬಂತು. ನಾನು ಅವಳನ್ನ ಏನೂ ಅಂದಿಲ್ಲ. ಆಸ್ಪತ್ರೆಯಿಂದ ಬಂದ ದಿನದಿಂದ ಅವಳು ನನ್ನ ಮುಖ ನೋಡಲ್ಲ. ಮಗ್ಗುಲಲ್ಲೇ ಇದ್ದಾಳೆ, ಒಂದು ಲೋಟ ನೀರು ಕೇಳೋ ಹಾಗಿಲ್ಲ. ಕಾಲು ಹೋಗಿದ್ದು ನಂದು, ಮುನಿಸು ಅವಳದು. ಇದು ಯಾವ ಊರಿನ ನ್ಯಾಯ?"

ಹಲ್ಲಿನಿಂದ ದಾರ ಕಡಿದು ಸಲ್ವಾರ್ ಕೊಟ್ಟ.

ಹದಿನಾಲ್ಕನೇ ತಾರೀಖಿನ ಆ ಪ್ರಶ್ನೆ. ಮುಚ್ಚಳ ಯಾರ ಮನೆಗೆ ಹೋಗುತ್ತೆ ಅಂತ. ನಾನು ಬೋಲ್ಟಿನ ಅಳತೆ ಹೇಳುತ್ತಿದ್ದೆ.

ಸೆಪ್ಟೆಂಬರ್ 25, ಗುರುವಾರ

ಅಜ್ಜಿಯ ಹತ್ತಿರ ಹೋಗಿ ನೇರವಾಗಿ ಕೇಳಿದೆ. ಟೈಲರ್ ವಿಷಯ ಗೊತ್ತಾಯಿತು ಎಂದೆ. ಅವಳು ಬಾಗಿಲು ಹಾಕಿದಳು. ಬಾಗಿಲಿನ ಹಿಂದೆ ನಿಂತೇ ಮಾತಾಡಿದಳು.

"ನನ್ನ ತಗಡು ಇನ್ನೊಬ್ಬರ ಮನೆಗೆ ಹೋಗ್ಬಾರದು. ಅಷ್ಟೇ ನಂದು. ನಿನ್ನ ಮನೆ ಬೇಕಾದ್ರೆ ತಗೋ."

"ಬಿಚ್ಚಿದ್ರೆ ಗೋಡೆ ಬೀಳುತ್ತೆ ಅಜ್ಜಿ."

"ಬಿದ್ರೆ ನನ್ನ ಅಂಗಳದಲ್ಲೇ ಬೀಳುತ್ತೆ."

ನಮ್ಮ ಬಣ್ಣ ಹಚ್ಚಿದ ಬಾಗಿಲಿನ ಮುಂದೆ ಬೆಪ್ಪಳ ಹಾಗೆ ನಿಂತಿದ್ದೆ. ಮೇಸ್ತ್ರಿ ದೂರದಿಂದ ನೋಡಿ ತಲೆ ಕೊಡವಿದರು. ಅವರಿಗೇನು. ಸಿಮೆಂಟು ಕಲೆಸಿದ ಹಾಗೆ ಮನುಷ್ಯರನ್ನು ಕಲೆಸುವ ಹಾಗಿದ್ದರೆ ಅವರನ್ನೇ ಬಿಡುತ್ತಿದ್ದೆ.

ಸೆಪ್ಟೆಂಬರ್ 29, ಸೋಮವಾರ

ಗೋಡೌನಿನಲ್ಲಿದ್ದ ಸಿಮೆಂಟಿನ ಖಾಲಿ ಚೀಲಗಳು ಕಾಣೆ. ಮೇಸ್ತ್ರಿಯ ವರದಿ. ಹುಡುಕಿಕೊಂಡು ದೂರ ಹೋಗಬೇಕಾಗಲಿಲ್ಲ, ಟೈಲರ್ ಮೆಟ್ಟಿಲ ಮೇಲೆ ರಾಶಿ ಬಿದ್ದಿದ್ದವು. ಚೀಲ ಕತ್ತರಿಸಿ, ಉದ್ದಕ್ಕೆ ಮಡಚಿ, ಪಟ್ಟಿ ಪಟ್ಟಿಯಾಗಿ ಹೊಲಿದಿದ್ದಾನೆ. ಪಟ್ಟಿಗೆ ಪಟ್ಟಿ ಅಡ್ಡ ಸೇರಿಸಿ ದೊಡ್ಡದೊಂದು ಬಲೆ. ಅಜ್ಜಿಯ ಛಾವಣಿಯ ಮೇಲೆ ಹಾಸಿ ನಾಲ್ಕೂ ಕಡೆ ನೆಲದ ಗೂಟಕ್ಕೆ ಬಿಗಿಯುವುದಂತೆ.

"ಇದು ತಡೆಯಲ್ಲಪ್ಪ," ಎಂದೆ. "ದೊಡ್ಡ ಗಾಳಿಗೆ ಕಿತ್ಕೊಂಡು ಹೋಗುತ್ತೆ."

"ಗೊತ್ತು ಮೇಡಂ. ತಗಡನ್ನ ನಿಮ್ಮ ಬೋಲ್ಟ್ ನೋಡ್ಕೊಳ್ಳುತ್ತೆ. ಅಜ್ಜಿನ ಯಾರು ನೋಡ್ಕೋಬೇಕು?"

ಇಂಜಿನಿಯರಿಂಗ್ ಪ್ರಕಾರ ಈ ಬಲೆಗೆ ಮೂರು ಕಾಸಿನ ಕಿಮ್ಮತ್ತಿಲ್ಲ. ಹಾನಿಯೂ ಇಲ್ಲ. "ಬದಲಾವಣೆ" ಎಂದು ಡೈರೆಕ್ಟರ್ ಹಿಡಿಯಬಹುದು. ಹಿಡಿಯಲಿ.

ಅಜ್ಜಿಗೆ ಹೋಗಿ ಹೇಳಿದೆ. ಬಾಗಿಲು ಬೆರಳಗಲ ತೆರೆಯಿತು. ಕಣ್ಣೊಂದು ಮೆಟ್ಟಿಲಿನ ಕಡೆ ಹೋಯಿತು, ಬಲೆಯ ಮೇಲೆ ನಿಂತಿತು.

"ಯಾರು ಹೊಲೀತಿರೋದು?"

"ಕಾಣಿಸ್ತಿಲ್ವಾ?"

ಬಾಗಿಲು ಇನ್ನೊಂದು ಬೆರಳಗಲ ತೆರೆಯಿತು. ಆಮೇಲೆ: "ಹೊಲಿಗೆ ಸಣ್ಣದಾಗಿರಲಿ ಅಂತ ಹೇಳು ಅವನಿಗೆ. ಅವನದು ಯಾವಾಗಲೂ ಅವಸರದ ಹೊಲಿಗೆ."

ಅಲ್ಲೇ ಇದ್ದ ಟೈಲರಿಗೆ ಎಲ್ಲ ಕೇಳಿಸಿತು. ಆದರೂ ನಾನು ಹೋಗಿ ಹೇಳಬೇಕಾಯಿತು. ಅವನು ಕೇಳಿದ ಮೇಲೆ: "ಸರಿ ಅಂತ ಹೇಳಿ." ಮತ್ತೆ ನಾನೇ. ನಾನೇನು ಅಂಚೆಯವಳಾ?

ಅಕ್ಟೋಬರ್ 1, ಬುಧವಾರ. ಮಧ್ಯಾಹ್ನ

ಬಂದರಿನಲ್ಲಿ ಕೆಂಪು ಬಾವುಟ. ಈ ಸಲ ನಿಜ. ಹವಾಮಾನ ಕಚೇರಿಯ ಪ್ರಕಾರ ನಾಳೆ ಬೆಳಿಗ್ಗೆ ದಡ ಮುಟ್ಟುತ್ತದೆ. ಸಂಜೆಯೊಳಗೆ ಎಲ್ಲರೂ ಶಾಲೆಯ ಕಟ್ಟಡಕ್ಕೆ.

ಬೆಳಿಗ್ಗೆಯೇ ಬಲೆ ಏರಿಸಿದೆವು. ಕೆಳಗೆ ಊರುಗೋಲು ಊರಿ ನಿಂತು ಟೈಲರ್ ಹೇಳುವುದು, ಮೇಲೆ ಮೇಸ್ತ್ರಿ ಬೈಯುವುದು.

"ಎಡಕ್ಕೆ ಎಳೀರಿ ಮೇಸ್ತ್ರಿ, ಸುಕ್ಕು ಬಿದ್ದಿದೆ."

"ಮನೆಗೆ ಜಂಪರ್ ಹೊಲೀತಿದೀಯಾ ನೀನು? ಸುಕ್ಕಂತೆ!"

ಅಜ್ಜಿ ಹೊರಗೆ ಬಂದು ಮನೆ ಸುತ್ತ ಒಂದು ಸುತ್ತು ಹಾಕಿದಳು. ಪ್ರತಿ ಗೂಟವನ್ನೂ ಕಾಲಲ್ಲಿ ಒದ್ದು ನೋಡಿದಳು. ಟೈಲರ್ ಇದ್ದ ಮೂಲೆಯ ಗೂಟ ಬಿಟ್ಟು. ಅದನ್ನು ನನ್ನಿಂದ ಒದೆಸಿದಳು.

ಗಾಡಿಯವನ ಸ್ಪ್ಯಾನರ್ ಕಸಿದುಕೊಂಡು ನನ್ನ ಚೀಲದಲ್ಲಿ ಹಾಕಿಕೊಂಡಿದ್ದೇನೆ. ಹನ್ನೆರಡು ಛಾವಣಿಗಳೂ ಮೇಲಿವೆ. ಶಾಲೆಗೆ ಹೊರಡುವಾಗ ತಿರುಗಿ ನೋಡಿ ಎಣಿಸಿದೆ.

ಅಕ್ಟೋಬರ್ 2, ಗುರುವಾರ. ಬೆಳಿಗ್ಗೆ, ಶಾಲೆ

ಗಾಳಿ ಶುರುವಾಗಿದೆ. ಕಿಟಕಿಗಳಿಗೆ ಹಲಗೆ ಹೊಡೆದಿದ್ದಾರೆ. ಏನೂ ಕಾಣದು. ಸದ್ದಷ್ಟೇ — ಲಾರಿ ಹತ್ತಿರ ಬರುತ್ತಲೇ ಇರುವ ಹಾಗೆ, ಬಂದು ಮುಟ್ಟದ ಹಾಗೆ.

ಮೂರನೇ ತರಗತಿ ಕೋಣೆ. ಕರಿಹಲಗೆಯ ಕೆಳಗೆ ಅಜ್ಜಿ, ಕೈಯಲ್ಲಿ ಹಳೆಯ ಮನೆಯ ಕೀ. ಮಡಿಲಲ್ಲಿ ನನ್ನ ಬೂಟಿನ ಡಬ್ಬ, ಅದರೊಳಗೆ ಅವಳ ಬಟ್ಟೆ. ಎರಡು ಬೆಂಚು ಆಚೆ ಟೈಲರ್. ನಡುವೆ ನಾನು. ಬೇಕೆಂದೇ ಕೂರಿಸಿದ್ದಾರೋ ಏನೋ.

"ಮೂಲೆ ಗಂಟು ಎರಡು ಸುತ್ತು ಹಾಕಿದಾನಾ ಕೇಳು."

"ಮೂರು ಸುತ್ತು ಅಂತ ಹೇಳಿ ಮೇಡಂ."

"ಮೂರು ಅಂತೆ ಅಜ್ಜಿ."

"ಕೇಳಿಸ್ತು. ನಂಗೇನು ಕಿವುಡಾ?"

ದೂರದಲ್ಲಿ ತಗಡು ಕಿತ್ತ ಸದ್ದು. ಯಾರದೋ. ಅಜ್ಜಿ ಎದ್ದು ನಿಂತು ಕೋಣೆಯಲ್ಲಿದ್ದವರನ್ನೆಲ್ಲ ಎಣಿಸಿದಳು. ಎಣಿಕೆ ಟೈಲರ್ ಹತ್ತಿರ ಬಂದಾಗ ಮೊದಲ ಸಲ ಅವನ ಮುಖ ನೋಡಿದಳು. ನೋಡಿ, ಮತ್ತೆ ಎಣಿಸಿದಳು. ಎಲ್ಲರೂ ಇದ್ದಾರೆ ಎಂದೆ. ಕೂತಳು.

ಗಾಡಿಯವನು ಎಲ್ಲಿ ಎಂದು ನಾನು ಆಮೇಲೆ ಯೋಚಿಸಿದೆ. ಇದ್ದ, ಬಾಗಿಲ ಹತ್ತಿರ. ತಲೆ ತಗ್ಗಿಸಿಕೊಂಡು. ಅಂಗಿ ಒದ್ದೆ.

"ಎಲ್ಲಿಗೆ ಹೋಗಿದ್ದೆ?"

"ಇಲ್ಲೇ."

ಇಲ್ಲೇ ಇದ್ದವನ ಅಂಗಿ ಯಾಕೆ ಒದ್ದೆ? ಇನ್ನೊಂದು ಸ್ಪ್ಯಾನರ್ ಇತ್ತೇನೋ. ಈಗ ಕೇಳಿ ಏನು ಮಾಡಲಿ.

ಅಕ್ಟೋಬರ್ 3, ಶುಕ್ರವಾರ. ಬೆಳಿಗ್ಗೆ

ಮೂರನೇ ಮನೆಯ ಛಾವಣಿ ಇದೆ. ವರದಿ ಮಾಡಿದವಳು ಅಜ್ಜಿ, ರಸ್ತೆಯ ತಿರುವಿನಿಂದ ಕೂಗಿ. ನಮಗಿಂತ ಮುಂದೆ ಓಡಿದ್ದಳು. ಆ ವಯಸ್ಸಿನಲ್ಲಿ ಆ ಕೆಸರಿನಲ್ಲಿ.

ಹನ್ನೊಂದು ಮನೆಗಳು ನಿಂತಿವೆ, ಛಾವಣಿ ಸಮೇತ. ನಿನ್ನೆ ಕೇಳಿದ ತಗಡಿನ ಸದ್ದು ಮೀನಿನ ಹಳೆಯ ಶೆಡ್ಡಿನದು. ಅಲ್ಲಿ ಯಾರೂ ಇರಲಿಲ್ಲ.

ಏಳನೇ ಮನೆ: ತಗಡೆಲ್ಲ ಅಂಗಳದಲ್ಲಿ ಅಚ್ಚುಕಟ್ಟಾಗಿ ಜೋಡಿಸಿದೆ, ಮರಳಿನ ಚೀಲದ ಕೆಳಗೆ. ಒಂದಕ್ಕೂ ಗೀರಿಲ್ಲ. ಸಮುದ್ರದ ಕಡೆಯ ಗೋಡೆ ನೆಲಕ್ಕೆ ಮಲಗಿದೆ. ಗಾಡಿಯವನು ಅದರ ಮುಂದೆ ಕೂತು ಇಟ್ಟಿಗೆ ಎತ್ತಿ ನೋಡಿ, ಕೆಳಗಿಟ್ಟು, ಇನ್ನೊಂದು ಎತ್ತಿ ನೋಡುತ್ತಿದ್ದ. ಬೈಯಲೆಂದೇ ಹೋಗಿದ್ದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. "ಮುಚ್ಚಳ," ಎಂದ ಅವನೇ. ಇನ್ನೇನು ಬೈಯುವುದು.

ಅಜ್ಜಿಯ ಬಲೆ ಇರಲಿಲ್ಲ. ಗೂಟಗಳು ನಿಂತಲ್ಲೇ ಇದ್ದವು, ಬಲೆ ಇಲ್ಲ. ಹುಡುಕಿದರೆ — ಟೈಲರ್ ಮನೆಯ ಮೇಲೆ. ಹಾರಿ ಹೋಗಿ ಅವನ ಬಾಗಿಲಿಗೆ ಸುತ್ತಿಕೊಂಡಿದೆ, ಚಿಲಕ, ಕಿಟಕಿ, ಮೆಟ್ಟಿಲು ಎಲ್ಲ ಸೇರಿಸಿ ಗಂಟು. ಅಜ್ಜಿಯ ಮನೆಯಿಂದ ಹಾರಿದ್ದು ಅದೊಂದೇ. ಹೋಗಿದ್ದೂ ಅವನ ಮನೆಗೇ.

ಟೈಲರ್ ಬಾಗಿಲ ಮುಂದೆ ನಿಂತಿದ್ದ, ಒಳಗೆ ಹೋಗಲಾರದೆ. ಜೇಬಿನಿಂದ ಕತ್ತರಿ ತೆಗೆದ.

"ಲೋ! ಕತ್ತರಿ ಹಾಕ್ಬೇಡ!"

ಅಜ್ಜಿ. ಹತ್ತು ಹೆಜ್ಜೆ ದಾಟಿ ಬಂದಿದ್ದಳು. ಅವನ ಕೈಯಿಂದ ಕತ್ತರಿ ಕಿತ್ತುಕೊಂಡಳು.

"ಇದೇನೋ ನಿನ್ನ ಹೊಲಿಗೆ! ಸಣ್ಣದಾಗಿ ಹೊಲಿ ಅಂತ ಹೇಳಿ ಕಳಿಸಿರಲಿಲ್ವಾ?"

"ಹೊಲಿಗೆ ಬಿಚ್ಚಿಲ್ಲ ಅಜ್ಜಿ. ಗಂಟು ಬಿಚ್ಚಿರೋದು. ಗಂಟು ಹಾಕಿದ್ದು ಮೇಸ್ತ್ರಿ."

"ನನ್ನನ್ಯಾಕಪ್ಪ ಎಳೀತೀಯ ನಡುವೆ?" ಎಂದರು ಮೇಸ್ತ್ರಿ, ಬೀದಿಯ ಆಚೆಯಿಂದ.

"ಮೂರು ಸುತ್ತು ಅಂದೆ. ಎಲ್ಲಿದೆ ಮೂರು ಸುತ್ತು? ಸುಳ್ಳು. ಚಿಕ್ಕಂದಿನಿಂದ ಸುಳ್ಳು." ಬೈಯುತ್ತ ಬೈಯುತ್ತ ಮೆಟ್ಟಿಲ ಮೇಲೆ ಕೂತು ಒಂದೊಂದೇ ಗಂಟು ಬಿಚ್ಚಿದಳು. ಪಟ್ಟಿ ಹರಿಯದ ಹಾಗೆ, ಉಗುರಿನಲ್ಲಿ. ಅವನು ಊರುಗೋಲು ಗೋಡೆಗೆ ಒರಗಿಸಿ ಪಕ್ಕದಲ್ಲಿ ಕೂತು ಬಿಚ್ಚಿದ್ದನ್ನು ಸುತ್ತಿಡುತ್ತ ಹೋದ.

ಒಂದು ಸಲ ಅವಳ ಕೈ ನಿಂತಿತು. ಕತ್ತರಿಸಿದ ಕಾಲಿನ ಮೇಲೆ ಒಂದು ಪಟ್ಟಿ ಬಿದ್ದಿತ್ತು. ಅದನ್ನು ಎತ್ತಿದಳು.

"ತಾಗಿತಾ?"

"ಬಟ್ಟೆ ಅಜ್ಜಿ. ಬಟ್ಟೆ ತಾಗಿದ್ರೆ ಏನಾಗುತ್ತೆ?"

ನಾನು ಅಲ್ಲಿಂದ ಹೊರಟು ಬಂದೆ. ಅಂಚೆಯವಳಿಗೆ ಅಲ್ಲಿ ಕೆಲಸ ಇರಲಿಲ್ಲ.

ಅಕ್ಟೋಬರ್ 4, ಶನಿವಾರ. ಸಂಜೆ

ಡೈರೆಕ್ಟರಿಗೆ ಫೋನಿನಲ್ಲಿ ವರದಿ ಮಾಡಿದೆ. ಹನ್ನೊಂದು ಸುರಕ್ಷಿತ, ಏಳನೆಯದರ ಒಂದು ಗೋಡೆ ಗಾಳಿಗೆ ಬಿದ್ದಿದೆ. ಗಾಳಿಗೇ ಬಿದ್ದದ್ದು, ಸುಳ್ಳಲ್ಲ. ಉಳಿದದ್ದನ್ನು ಅವರು ಕೇಳಲಿಲ್ಲ. ಸೋಮವಾರದ ಫೋಟೋಕ್ಕೆ ಏಳನೇ ಮನೆ ಬರದ ಹಾಗೆ ನೋಡಿಕೊಳ್ಳಿ ಎಂದರು. ಹಲ್ಲು ಕಚ್ಚಿಕೊಂಡು ಹೂಂ ಅಂದೆ. ಗಾಡಿಯವನು ಮೇಸ್ತ್ರಿಯ ಜೊತೆ ಗಾರೆ ಕಲೆಸುತ್ತಿದ್ದಾನೆ. ಅವನ ಎರಡೂ ಸ್ಪ್ಯಾನರ್ ನನ್ನ ಚೀಲದಲ್ಲಿವೆ.

ಇವರ ಫೋನು: ಮಿಕ್ಸಿ ರಿಪೇರಿ ಆಯಿತಂತೆ. ಪ್ಲಗ್ ಹಾಕಿರಲಿಲ್ಲವಂತೆ.

ಅಜ್ಜಿ ಸಂಜೆ ರೂಮಿಗೇ ಬಂದಿದ್ದಳು. ಹಸ್ತಾಂತರಕ್ಕೆ ಅವಳದೊಂದು ಶರತ್ತು. ಬಲೆ ಮತ್ತೆ ಏರಬೇಕು. ಬೋಲ್ಟುಗಳೇ ತಡೆದದ್ದು ಅಜ್ಜಿ, ಬಲೆ ಹಾರಿಯೇ ಹೋಯಿತಲ್ಲ, ಕಣ್ಣಾರೆ ನೋಡಿದ್ರಲ್ಲ ಎಂದೆ. ನೋಡಿದೆ, ಎಂದಳು. "ತಗಡು ನಿಂದು ನಿಲ್ತು. ಒಪ್ಪಿದೆ. ಹಾರೋದೇ ಆದ್ರೆ ಬಲೆ ಹಾರಲಿ." ಟೈಲರ್ ಆಗಲೇ ಹೊಸ ಚೀಲ ಕೇಳಿದ್ದಾನಂತೆ. ಹೊಲಿಗೆಗೆ ಅವಳೇ ಪಕ್ಕದಲ್ಲಿ ಕೂರುತ್ತಾಳಂತೆ, ಇಲ್ಲದಿದ್ದರೆ ಅವಸರ ಮಾಡುತ್ತಾನೆ.

ಸೋಮವಾರ ಹತ್ತು ಗಂಟೆಗೆ ಬೀಗ, ಕೀ. ಎಂಟಕ್ಕೇ ಬಲೆ ಏರಿಸಲು ಏಣಿ. ಏಣಿ ಹಿಡಿದುಕೊಳ್ಳುವವಳು ನಾನಂತೆ.